ಚಾಲಕರು ಮಾತನಾಡದ ಟ್ಯಾಕ್ಸಿ ಪಾಠ

ಜಪಾನಿ ಭಾಷೆಯ ಆರಂಭಿಕ ತರಗತಿಗಳಲ್ಲಿ ಟ್ಯಾಕ್ಸಿ ಎಂಬ ಘಟಕ ತಪ್ಪದೆ ಬರುತ್ತದೆ. ಹೆಚ್ಚಿನ ಕಡೆ ಅದು ಒಂದೇ ಒಂದು ಹಾಳೆ. ಎಡಗಡೆ ರೋಮನ್ ಲಿಪಿಯಲ್ಲಿ ಜಪಾನಿ ವಾಕ್ಯ, ಬಲಗಡೆ ಅದರ ಇಂಗ್ಲಿಷ್ ಅರ್ಥ. ನಿಲ್ದಾಣಕ್ಕೆ ಹೋಗಬೇಕು, ನೇರ ಹೋಗಿ, ಬಲಕ್ಕೆ ತಿರುಗಿ, ಇಲ್ಲಿ ನಿಲ್ಲಿಸಿ, ಎಷ್ಟಾಯಿತು, ರಸೀದಿ ಕೊಡಿ. ಇಪ್ಪತ್ತು ಇಪ್ಪತ್ತೈದು ವಾಕ್ಯ ಇರುತ್ತವೆ. ಎಲ್ಲವೂ ಪ್ರಯಾಣಿಕರ ಬಾಯಲ್ಲಿ ಬರುವಂಥವು. ಚಾಲಕರು ಆ ಹಾಳೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಕಲಿಯುವವರು ಇಪ್ಪತ್ತನ್ನೂ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಘಟಕ ಮುಗಿಯುತ್ತದೆ.

ಬಿ.ಎಸ್ಸಿ. ಬಿ.ಇಡಿ. ಓದುತ್ತಲೇ ಸಂಜೆ ಹೊತ್ತು ಜಪಾನಿ ಕಲಿಯುತ್ತಿರುವ ನಾನು ಇಂಥ ಹಾಳೆಗಳನ್ನು ಮೂರು ಬೇರೆ ಬೇರೆ ಕಡೆಯಿಂದ ಸಂಗ್ರಹಿಸಿ ಪಕ್ಕಪಕ್ಕ ಇಟ್ಟು ನೋಡಿದೆ. ಮೂರೂ ಒಂದೇ ಅಚ್ಚು. ಈ ಪಾಠವನ್ನು ಎರಡು ರೀತಿಯಲ್ಲಿ ತಿರುಗಿಸಬೇಕು ಎಂಬುದು ನನ್ನ ಅಭಿಪ್ರಾಯ. ಒಂದು, ಪಾಠ ಚಾಲಕರ ಪ್ರಶ್ನೆಯಿಂದ ಆರಂಭವಾಗಬೇಕು. ಇನ್ನೊಂದು, ಕನ್ನಡ ಬಲ್ಲ ಮಕ್ಕಳಿಗೆ ಅದನ್ನು ಕನ್ನಡದ ಮೂಲಕ, ಕನ್ನಡ ಲಿಪಿಯಲ್ಲಿ ಕಲಿಸಬೇಕು. ಇಂಗ್ಲಿಷನ್ನು ನಡುವೆ ನಿಲ್ಲಿಸುವುದರಿಂದ ಸುಲಭವಾದದ್ದು ಕಷ್ಟವಾಗುತ್ತಿದೆ.

ಮೊದಲನೆಯದನ್ನು ನೋಡೋಣ. ಜಪಾನಿನಲ್ಲಿ ಟ್ಯಾಕ್ಸಿ ಹತ್ತುವುದು ಮಾತಿಗಿಂತ ಮುಂಚೆ ಓದಿನಿಂದ ಶುರುವಾಗುತ್ತದೆ. ಗಾಡಿಯ ಮುಂಗಾಜಿನ ಒಳಗಡೆ ಎರಡು ಚಿತ್ರಾಕ್ಷರಗಳ ಒಂದು ಫಲಕ ಹೊಳೆಯುತ್ತಿರುತ್ತದೆ. 'ಕೂಶ' ಎಂದಿದ್ದರೆ ಗಾಡಿ ಖಾಲಿ, 'ಚಿನ್ಸೋ' ಎಂದಿದ್ದರೆ ಬಾಡಿಗೆಯಲ್ಲಿ ಓಡುತ್ತಿದೆ, 'ಕೈಸೋ' ಎಂದರೆ ಈಗ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ. ಹೆಚ್ಚಿನ ಕಡೆ ಕೂಶ ಕೆಂಪಕ್ಷರದಲ್ಲಿ ಬೆಳಗುತ್ತದೆ. ಕೆಂಪು ಕಂಡರೆ ನಿಲ್ಲು ಎಂದು ಕಲಿತ ನಮ್ಮ ಕಣ್ಣಿಗೆ ಇದು ಉಲ್ಟಾ. 'ಗೇಶ' ಎಂಬ ಫಲಕವೂ ಉಂಟು; ಕರೆ ಬಂದ ಕಡೆಗೆ ಹೋಗುತ್ತಿರುವ ಗಾಡಿ ಎಂದು ಅರ್ಥ. ನೃತ್ಯ ಸಂಗೀತದ ಕಲಾವಿದೆಯರಾದ ಗೇಶಗಳ ಹೆಸರಿನ ಉಚ್ಚಾರವೇ ಇದಕ್ಕೂ ಇದೆ, ಬರೆಯುವ ಅಕ್ಷರ ಬೇರೆ. ತರಗತಿಯಲ್ಲಿ ಒಮ್ಮೆ ನಗಿಸಿದರೆ ಯಾರೂ ಈ ಪದ ಮರೆಯುವುದಿಲ್ಲ. ಕೂಶದ ಮೊದಲ ಅಕ್ಷರ 'ಖಾಲಿ' ಎಂಬರ್ಥದ್ದು. ವಿಮಾನ ನಿಲ್ದಾಣಕ್ಕೆ ಹೇಳುವ 'ಕೂಕೋ'ದ ಮೊದಲ ಅಕ್ಷರವೂ ಅದೇ, ಕರಾಟೆಯ ಮೊದಲ ಅಕ್ಷರವೂ ಅದೇ. ಕರಾಟೆ ಎಂದರೆ ಖಾಲಿ ಕೈ. ಒಂದು ಅಕ್ಷರ ಕಲಿತರೆ ಮೂರು ಪದ ಸಿಗುತ್ತವೆ. ನಾನು ನೋಡಿದ ಹಾಳೆಗಳಲ್ಲಿ ಈ ಫಲಕಗಳ ಪ್ರಸ್ತಾಪವೇ ಇರಲಿಲ್ಲ.

ಗಾಡಿ ನಿಂತ ಮೇಲೆ ಹಿಂದಿನ ಎಡಬಾಗಿಲು ತಾನಾಗಿ ತೆರೆಯುತ್ತದೆ. ಚಾಲಕರು ತಮ್ಮ ಸೀಟಿನಿಂದಲೇ ಅದನ್ನು ತೆರೆಯುತ್ತಾರೆ, ಮುಚ್ಚುತ್ತಾರೆ. 1964ರ ಟೋಕಿಯೋ ಒಲಿಂಪಿಕ್ಸ್‌ ಹೊತ್ತಿಗೆ ಹರಡಿದ ವ್ಯವಸ್ಥೆ ಇದು. ಪ್ರಯಾಣಿಕರು ಬಾಗಿಲು ಮುಟ್ಟುವ ಹಾಗಿಲ್ಲ, ಎಳೆದು ಹಾಕುವ ಹಾಗೂ ಇಲ್ಲ. ಒಳಗೆ ಕೂತ ಕೂಡಲೇ ಮಾತು ಶುರು ಮಾಡುವವರು ಚಾಲಕರು.

"ದೊಚಿರ ಮದೆ?"

ಇದು ಆ ಪ್ರಯಾಣದ ಮೊದಲ ವಾಕ್ಯ. 'ದೊಚಿರ' ಎಂದರೆ ಯಾವ ಕಡೆ, 'ಮದೆ' ಎಂದರೆ ವರೆಗೆ. ಎಲ್ಲಿಯವರೆಗೆ? ನಮ್ಮೂರಿನ ಕಂಡಕ್ಟರ್ ಕೇಳುವುದೂ ಇದನ್ನೇ, ಇದೇ ಕ್ರಮದಲ್ಲೇ. ಉತ್ತರವಾಗಿ ಜಾಗದ ಹೆಸರಿಗೆ ಅದೇ 'ಮದೆ' ಹಚ್ಚಿ 'ಒನೆಗೈ ಶಿಮಸು' ಎಂದರೆ ಮುಗಿಯಿತು: "ಕ್ಯೋತೊ ಎಕಿ ಮದೆ ಒನೆಗೈ ಶಿಮಸು." ಕ್ಯೋಟೋ ಸ್ಟೇಷನ್‌ವರೆಗೆ. ಹಾಳೆಯಲ್ಲಿ ಈ ಉತ್ತರ ಇದೆ, ಅದನ್ನು ಹುಟ್ಟಿಸುವ ಪ್ರಶ್ನೆ ಇಲ್ಲ. ಪ್ರಶ್ನೆಯ ಬಾಲವೇ ಉತ್ತರದ ಕೀಲಿ ಎಂಬುದು ಪ್ರಶ್ನೆಯನ್ನು ಕಿವಿಯಾರೆ ಕೇಳಿದವರಿಗೆ ಮಾತ್ರ ಹೊಳೆಯುತ್ತದೆ.

ಮುಂದೆ ಕಷ್ಟ ಹೆಚ್ಚುತ್ತದೆ. ಚಾಲಕರು ಆಡುವ ಜಪಾನಿ ನಮಗೆ ಕಲಿಸಿದ ಜಪಾನಿ ಅಲ್ಲ. ಅವರು ಗ್ರಾಹಕರೊಂದಿಗೆ ಮಾತನಾಡುವುದು ಗೌರವದ ಭಾಷೆಯಲ್ಲಿ. ಸರಳವಾಗಿ 'ಇದೆಯೇ' ಎನ್ನುವುದಕ್ಕೆ ನಾವು 'ಅರಿಮಸು ಕ' ಎಂದು ಕಲಿತಿರುತ್ತೇವೆ, ಅವರು 'ಗೊಜೈಮಸು ಕ' ಎನ್ನುತ್ತಾರೆ. 'ಆಗಬಹುದೇ' ಎಂಬುದಕ್ಕೆ ನಮ್ಮದು 'ಈ ದೆಸು ಕ', ಅವರದು 'ಯೊರೊಶೀ ದೆಶೋ ಕ'. ನಮ್ಮ ಮಾತು ಕೇಳಿ 'ಸರಿ' ಎನ್ನಲು ಅವರು 'ಕಶಿಕೊಮರಿಮಶಿತ' ಎನ್ನುತ್ತಾರೆ. ಎಂಟು ಅಕ್ಷರದ ಆ ಪದ ಕೇಳಿ ಕಲಿಕಾರ್ಥಿ ಗಾಬರಿಯಾಗುತ್ತಾನೆ, ಏನೋ ಹೊಸ ಪ್ರಶ್ನೆ ಬಂತೆಂದುಕೊಳ್ಳುತ್ತಾನೆ. ಅಂದರೆ ಹಾಳೆ ಕಲಿಸುವುದು ಸಂಭಾಷಣೆಯ ಸುಲಭದ ಅರ್ಧವನ್ನು. ಕಷ್ಟದ ಅರ್ಧವನ್ನು ರಸ್ತೆಗೆ ಬಿಟ್ಟಿದೆ. ಇಲ್ಲಿ ವಿಜ್ಞಾನದವಳಾದ ನನಗೆ ಒಂದು ಹೋಲಿಕೆ ನೆನಪಾಗುತ್ತದೆ. ಪ್ರಯೋಗಾಲಯದಲ್ಲಿ ನಾವು ಅಳೆಯುವುದನ್ನಷ್ಟೇ ಕಲಿಸಿ, ಉಪಕರಣ ತೋರಿಸುವುದನ್ನು ಓದಲು ಕಲಿಸದಿದ್ದರೆ ಹೇಗೆ?

ಹಾಗೆಂದು ಆರಂಭಿಕರಿಗೆ ಗೌರವ ಭಾಷೆಯ ವ್ಯಾಕರಣವನ್ನೆಲ್ಲ ಕಲಿಸಬೇಕಿಲ್ಲ. ಅದನ್ನು ಆಡುವುದು ಬೇಡ, ಗುರುತಿಸಿದರೆ ಸಾಕು. ಚಾಲಕರ ಪ್ರಶ್ನೆಗಳು ಎಣಿಕೆಯಷ್ಟೇ, ಪ್ರತಿಯೊಂದರಲ್ಲೂ ಒಂದು ಗಟ್ಟಿ ಪದ ಇರುತ್ತದೆ. 'ಮಿಚಿಜುನ್' ಎಂದು ಕೇಳಿಸಿದರೆ ಯಾವ ದಾರಿಯಲ್ಲಿ ಹೋಗಲಿ ಎಂದು ಕೇಳುತ್ತಿದ್ದಾರೆ. ಅದಕ್ಕೆ "ಒಮಕಸೆ ಶಿಮಸು" ಎಂದರೆ, ನಿಮಗೇ ಬಿಟ್ಟಿದ್ದೇನೆ ಎಂದು. 'ಕೋಸೊಕು' ಎಂದು ಕೇಳಿಸಿದರೆ ಎಕ್ಸ್‌ಪ್ರೆಸ್‌ವೇ ಹಿಡಿಯಲೇ ಎಂದು. ಟೋಲ್ ಪ್ರಯಾಣಿಕರ ಲೆಕ್ಕಕ್ಕೆ ಬೀಳುವುದರಿಂದ ಅವರು ಕೇಳಿಯೇ ಹೋಗುತ್ತಾರೆ. ತಿಳಿಯದೆ 'ಹೈ' ಎಂದವರ ಕಿಸೆಗೆ ಹೊರೆ. 'ಶೀತೊಬೆರುತೊ' ಎಂದರೆ ಸೀಟ್ ಬೆಲ್ಟ್. 2008ರಿಂದ ಹಿಂದಿನ ಸೀಟಿಗೂ ಅಲ್ಲಿ ಕಡ್ಡಾಯ. ಇಳಿಯುವಾಗ 'ವಸುರೆಮೊನೊ' ಎಂಬುದು ಕೇಳಿಸಿದರೆ, ಮರೆತು ಬಿಟ್ಟು ಹೋಗುವ ವಸ್ತುವಿನ ಬಗ್ಗೆ ಎಚ್ಚರಿಕೆ. ಇಡೀ ವಾಕ್ಯ ಅರ್ಥವಾಗದಿದ್ದರೂ ಈ ಒಂದೊಂದು ಪದ ಹಿಡಿದರೆ ಸಂಭಾಷಣೆ ಮುರಿಯುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಹಾಳೆಯಲ್ಲಿ ದೊಡ್ಡ ಜಾಗ ಪಡೆದಿರುವ "ಇಕುರ ದೆಸು ಕ", ಎಷ್ಟು ಎಂಬ ಪ್ರಶ್ನೆಯನ್ನು ನೋಡಿ. ಮೀಟರ್ ಕಣ್ಣೆದುರೇ ಇರುವ ಗಾಡಿಯಲ್ಲಿ ಇಳಿಯುವಾಗ ಅದನ್ನು ಕೇಳುವ ಅಗತ್ಯವೇ ಬಹುತೇಕ ಬರುವುದಿಲ್ಲ. ಚೌಕಾಸಿ ಇಲ್ಲ, ಟಿಪ್ಸ್ ಕೊಡುವ ರೂಢಿಯೂ ಇಲ್ಲ. ಆ ಪ್ರಶ್ನೆ ಬೇಕಾಗುವುದು ಹತ್ತುವ ಮುಂಚೆ: "ಕೂಕೋ ಮದೆ ಇಕುರ ಗುರೈ ಕಕರಿಮಸು ಕ", ಏರ್‌ಪೋರ್ಟ್‌ವರೆಗೆ ಎಷ್ಟು ಬೀಳಬಹುದು. ಟೋಕಿಯೋದ ನಗರ ವಲಯದಲ್ಲಿ 2022ರ ನವೆಂಬರಿನಲ್ಲಿ ದರ ಬದಲಾದಾಗ ಮೊದಲ 1.096 ಕಿಲೋಮೀಟರಿಗೆ 500 ಯೆನ್, ಆಮೇಲೆ ಪ್ರತಿ 255 ಮೀಟರಿಗೆ 100 ಯೆನ್ ಎಂದು ನಿಗದಿಯಾಯಿತು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಶೇ. 20 ಹೆಚ್ಚು. ಈ ಅಂಕಿಗಳಿಂದಲೇ ಗಣಿತದ ಒಂದು ಅವಧಿ ಸಾಗಿಸಬಹುದು, ಅದು ಬೇರೆ ಮಾತು.

ಈಗ ಇಂಗ್ಲಿಷಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಕೆಲವರ ಬದುಕಿನ ಪ್ರಶ್ನೆ ಇದೆ. ಜಪಾನ್ 2019ರಲ್ಲಿ ನಿರ್ದಿಷ್ಟ ಕೌಶಲದ ಕೆಲಸಗಾರರಿಗೆ ಹೊಸ ಬಗೆಯ ವೀಸಾ ಆರಂಭಿಸಿತು. 2021ರ ಜನವರಿಯಲ್ಲಿ ಭಾರತವೂ ಆ ಕುರಿತು ಒಪ್ಪಂದಕ್ಕೆ ಸಹಿ ಹಾಕಿತು. ವೃದ್ಧರ ಆರೈಕೆ ಅದರಲ್ಲಿ ಒಂದು ಮುಖ್ಯ ಕ್ಷೇತ್ರ. ಈ ದಾರಿಯಲ್ಲಿ ಹೋಗುವವರು ಜಪಾನಿ ಭಾಷೆಯ ಪರೀಕ್ಷೆ ಪಾಸಾಗಲೇಬೇಕು. ಹಾಗಾಗಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ನರ್ಸಿಂಗ್ ಡಿಪ್ಲೊಮಾ ಮಾಡಿದ ಹುಡುಗ ಹುಡುಗಿಯರು ಜಪಾನಿ ತರಗತಿಗೆ ಬಂದು ಕೂರುತ್ತಾರೆ. ಅವರ ಮುಂದೆ ಇಡುವ ಹಾಳೆ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಅವರಿಗೆ ಈಗಾಗಲೇ ಸೋಲಿಸಿದ ಭಾಷೆ. ಅದರ ಮೂಲಕ ಇನ್ನೊಂದನ್ನು ಕಲಿಯುವಾಗ, ಜಪಾನಿ ಬರಲಿಲ್ಲವೋ ಇಂಗ್ಲಿಷ್ ಬರಲಿಲ್ಲವೋ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಬಿಟ್ಟು ಹೋದವರನ್ನು ನಾನು ಕಂಡಿದ್ದೇನೆ. ಹೋದವರು ತಮಗೆ ಜಪಾನಿ ತಲೆಗೆ ಹತ್ತಲಿಲ್ಲ ಎಂದೇ ನಂಬಿದ್ದಾರೆ.

ಹಾಳೆಯ ಈ ವಾಕ್ಯ ನೋಡಿ: "ತ್ಸುಗಿ ನೊ ಶಿಂಗೋ ಒ ಮಿಗಿ ನಿ ಮಗತ್ತೆ ಕುದಸೈ." ತ್ಸುಗಿ ನೊ, ಮುಂದಿನ. ಶಿಂಗೋ ಒ, ಸಿಗ್ನಲ್ಲನ್ನು. ಮಿಗಿ ನಿ, ಬಲಕ್ಕೆ. ಮಗತ್ತೆ, ತಿರುಗಿ. ಕುದಸೈ, ಕೊಡಿ. ಸಿಗ್ನಲ್ಲನ್ನು ಎಂಬಲ್ಲಿ ನಾವು ಸಿಗ್ನಲ್‌ನಲ್ಲಿ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಪದಗಳ ಸ್ಥಾನ ಒಂದೂ ಕದಲಲಿಲ್ಲ. ಇದೇ ವಾಕ್ಯವನ್ನು ಇಂಗ್ಲಿಷಿಗೆ ಒಯ್ದರೆ ಕ್ರಿಯಾಪದ ಮೊದಲಿಗೆ ಬರುತ್ತದೆ, ಬಲ ನಡುವಿಗೆ, ಸಿಗ್ನಲ್ ಕೊನೆಗೆ. ಆಮೇಲೆ ತರಗತಿಯಲ್ಲಿ 'ಜಪಾನಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನೆನಪಿಡಿ' ಎಂದು ಕಪ್ಪುಹಲಗೆಯ ಮೇಲೆ ಬರೆದು ಗೆರೆ ಎಳೆಯುತ್ತಾರೆ. ಕನ್ನಡದ ಮಗುವಿಗೆ ಇದು ನೆನಪಿಡಬೇಕಾದ ಸಂಗತಿಯೇ? ನಾವು ಪಾಠಯೋಜನೆಯಲ್ಲಿ ಪೂರ್ವಜ್ಞಾನ ಎಂಬ ಶೀರ್ಷಿಕೆ ಬರೆದು ಅದರ ಕೆಳಗೆ ಒಂದು ಸಾಲು ತುಂಬಿಸುತ್ತೇವೆ. ಇಲ್ಲಿ ಪೂರ್ವಜ್ಞಾನ ಇಡೀ ಭಾಷೆಯಷ್ಟು ದೊಡ್ಡದಿದೆ, ಅದನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಲು ಹೇಳುತ್ತಿದ್ದೇವೆ.

ವಿಭಕ್ತಿ ಬಲ್ಲವರಿಗೆ ಜಪಾನಿಯ ಪುಟ್ಟ ಪ್ರತ್ಯಯಗಳು ಹೊಸಬರಲ್ಲ. 'ನೊ' ನಮ್ಮ ಷಷ್ಠಿ, 'ನಿ' ನಮ್ಮ ಚತುರ್ಥಿ, 'ಒ' ದ್ವಿತೀಯಾ. 'ದೆ' ಎಂಬುದು ಇನ್ನೂ ಸ್ವಾರಸ್ಯದ್ದು. "ಕೊಕೊ ದೆ" ಎಂದರೆ ಇಲ್ಲಿ, "ಕಾದೊ ದೆ" ಎಂದರೆ ಕಾರ್ಡಿನ ಮೂಲಕ. ಇಂಗ್ಲಿಷ್ ಹಾಳೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದ, ಬೇರೆ ಬೇರೆ ಟಿಪ್ಪಣಿ. ನಾವು ದಿನಾ ಏನು ಹೇಳುತ್ತೇವೆ? ಬೀದಿಯಲ್ಲಿ ನಿಂತೆ, ಬಸ್ಸಲ್ಲಿ ಬಂದೆ, ಕಾರ್ಡಲ್ಲಿ ಕೊಟ್ಟೆ, ಪೆನ್ನಲ್ಲಿ ಬರೆದೆ. ಜಾಗಕ್ಕೂ ಸಾಧನಕ್ಕೂ ನಮ್ಮಲ್ಲಿ ಒಂದೇ 'ಅಲ್ಲಿ'. ಜಪಾನಿಯಲ್ಲೂ ಒಂದೇ 'ದೆ'. ಹತ್ತುವುದು "ತಕುಶೀ ನಿ ನೊರು", ನಾವು ಬಸ್ಸಿಗೆ ಹತ್ತಿದ ಹಾಗೆ. ಇಳಿಯುವುದು "ತಕುಶೀ ಒ ಒರಿರು". ಇಲ್ಲಿ ದ್ವಿತೀಯಾ ಯಾಕೆ ಎಂದು ಇಂಗ್ಲಿಷಿನವರು ತಲೆ ಕೆರೆದುಕೊಳ್ಳುತ್ತಾರೆ. 'ಬಸ್ಸಿಳಿದು ಬಂದೆ' ಎನ್ನುವವರಿಗೆ ಅದು ಆಶ್ಚರ್ಯವೇ ಅಲ್ಲ.

ಟ್ಯಾಕ್ಸಿ ಪಾಠದ ಬೆನ್ನೆಲುಬು 'ತೆ' ರೂಪ. 'ಮಿನ್ನ ನೊ ನಿಹೊಂಗೊ' ಪಠ್ಯದಲ್ಲಿ 14ನೇ ಪಾಠದಲ್ಲಿ ಆ ರೂಪ ಬರುತ್ತದೆ, ಆ ಪಾಠದ ಸಂಭಾಷಣೆ ನಡೆಯುವುದೂ ಟ್ಯಾಕ್ಸಿಯಲ್ಲೇ. ಬಹಳ ಸರಿಯಾದ ಜೋಡಣೆ, ಅಲ್ಲಿ ಚಾಲಕರು ಮಾತನಾಡುತ್ತಾರೆ ಕೂಡ. ಹಾಳೆ ಮಾಡುವವರು ಸಂಭಾಷಣೆ ಕಿತ್ತು ಪ್ರಯಾಣಿಕರ ಸಾಲುಗಳನ್ನು ಮಾತ್ರ ಉಳಿಸಿಕೊಂಡಿದ್ದಾರೆ. 'ತೆ' ರೂಪ ನಮ್ಮ ಶಾಲಾ ವ್ಯಾಕರಣದ ಕೃದಂತಾವ್ಯಯದಂತೆ ನಡೆಯುತ್ತದೆ. "ಮಿಗಿ ನಿ ಮಗತ್ತೆ, ಮಸ್ಸುಗು ಇತ್ತೆ, ಅಸೊಕೊ ದೆ ತೊಮೆತೆ ಕುದಸೈ": ಬಲಕ್ಕೆ ತಿರುಗಿ, ನೇರ ಹೋಗಿ, ಅಲ್ಲಿ ನಿಲ್ಲಿಸಿ. ಕೊನೆಯ 'ಕುದಸೈ' ಮೂಲದಲ್ಲಿ 'ಕೊಡಿ' ಎಂಬ ಗೌರವದ ಕ್ರಿಯಾಪದ. ಬರೆದು ಕೊಡಿ, ತೆಗೆದು ಕೊಡಿ, ಹೇಳಿ ಕೊಡಿ ಎನ್ನುವ ನಮಗೆ "ಕೈತೆ ಕುದಸೈ" ಎಂದರೆ ಬರೆದು ಕೊಡಿ ಎಂದು ಒಮ್ಮೆ ಹೇಳಿದರೆ ಸಾಕು. ಒಂದು ಎಚ್ಚರ ಮಾತ್ರ ಬೇಕು. ಕನ್ನಡದಲ್ಲಿ 'ನಿಲ್ಲಿಸಿ' ಎಂಬುದರಲ್ಲೇ ಮರ್ಯಾದೆ ಇದೆ. ಜಪಾನಿಯಲ್ಲಿ ಬರೀ 'ತೊಮೆತೆ' ಎಂದರೆ ಅದು ಸಲುಗೆಯ ಮಾತು, 'ಕುದಸೈ' ಬಿಡಬಾರದು.

'ಕುದಸೈ'ಗೂ 'ಒನೆಗೈ ಶಿಮಸು'ಗೂ ಹಾಳೆಗಳು ಕೊಡುವ ಅರ್ಥ ಒಂದೇ, ಅದನ್ನೇ ಕನ್ನಡಿಸಿ ನಮ್ಮವರು ಎಲ್ಲೆಂದರಲ್ಲಿ 'ದಯವಿಟ್ಟು' ಬರೆಯುತ್ತಾರೆ. ಆಟೋದವರಿಗೆ 'ದಯವಿಟ್ಟು ಇಲ್ಲಿ ನಿಲ್ಲಿಸಿ' ಎಂದು ಹೇಳಿದವರನ್ನು ನಾನಂತೂ ನೋಡಿಲ್ಲ. 'ಸ್ವಲ್ಪ ಇಲ್ಲೇ ನಿಲ್ಸಿ ಅಣ್ಣ' ಎನ್ನುತ್ತೇವೆ. ಆ 'ಸ್ವಲ್ಪ' ಅಳತೆಯಲ್ಲ, ವಿನಯ. ಜಪಾನಿಯಲ್ಲಿ ಅದಕ್ಕೂ ಜೋಡಿ ಇದೆ, 'ಚೊತ್ತೊ'. "ಚೊತ್ತೊ ಮತ್ತೆ ಕುದಸೈ", ಸ್ವಲ್ಪ ಇರಿ. 'ಅಣ್ಣ'ನಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಚಾಲಕರನ್ನು ಕರೆಯುವುದು ವೃತ್ತಿಯ ಹೆಸರಿಗೆ 'ಸನ್' ಸೇರಿಸಿ, 'ಉನ್ತೆನ್ಶು ಸನ್' ಎಂದು. ದಾರಿಯಲ್ಲಿ ನಿಲ್ಲಿಸುವ ಜಾಗ ಹೇಳಲು ಅವರಲ್ಲಿ 'ತೆಮಎ', 'ಸಕಿ' ಎಂಬ ಎರಡು ಪದ ಬಹಳ ಉಪಯೋಗಕ್ಕೆ ಬರುತ್ತವೆ. ಸಿಗ್ನಲ್ಲಿನ ತೆಮಎ ಎಂದರೆ ಸಿಗ್ನಲ್ಲಿಗಿಂತ ಈಚೆ, ಸಕಿ ಎಂದರೆ ಆಚೆ. ಈಚೆ, ಆಚೆ ಎಂಬ ನಮ್ಮ ಪದಗಳಿಗಿಂತ ಚೆನ್ನಾದ ಅನುವಾದ ಬೇಕೇ? ಇಳಿಯುವಾಗ ಚಾಲಕರು "ಸೆನ್ ನಿಹ್ಯಕು ಎನ್ ನಿ ನರಿಮಸು" ಎನ್ನುತ್ತಾರೆ. ಸಾವಿರದ ಇನ್ನೂರು ಯೆನ್ ಆಗುತ್ತೆ. ನಮ್ಮ ಆಟೋದವರೂ 'ನೂರಿಪ್ಪತ್ತಾಯ್ತು' ಎಂದು 'ಆಗು' ಧಾತುವಿನಲ್ಲೇ ಹೇಳುವುದು.

ಲಿಪಿಯ ವಿಷಯದಲ್ಲಿ ನನ್ನ ನಿಲುವು ಇನ್ನೂ ಗಟ್ಟಿ. ರೋಮನ್ ಹಾಳೆಗಳು ದೀರ್ಘ ಸ್ವರವನ್ನು ಗುರುತಿಸುವ ಗೆರೆಯನ್ನು ಬಹಳ ಸಲ ಬಿಟ್ಟುಬಿಡುತ್ತವೆ. 'ಕೊಕೊ' ಎಂದರೆ ಇಲ್ಲಿ, 'ಕೋಕೋ' ಎಂದರೆ ಹೈಸ್ಕೂಲು. ರೋಮನ್‌ನಲ್ಲಿ ಎರಡೂ ಒಂದೇ ನಾಲ್ಕಕ್ಷರ. "ಕೊಕೊ ದೆ ತೊಮೆತೆ ಕುದಸೈ" ಎನ್ನುವ ಬದಲು ಎಳೆದು ಹೇಳಿದರೆ ಹೈಸ್ಕೂಲಿನ ಹತ್ತಿರ ನಿಲ್ಲಿಸಿ ಎಂದಾಗುತ್ತದೆ. ಕನ್ನಡದಲ್ಲಿ ಎ ಏ, ಒ ಓ ಬೇರೆ ಬೇರೆ ಅಕ್ಷರಗಳು. ಹಿಂದಿಯ ಬರವಣಿಗೆಯಲ್ಲೂ ಈ ಅನುಕೂಲ ಇಲ್ಲ. 'ಇತೆ ಕುದಸೈ' ಎಂದರೆ ಇರಿ, 'ಇತ್ತೆ ಕುದಸೈ' ಎಂದರೆ ಹೋಗಿ. ನಮ್ಮ ಒತ್ತಕ್ಷರ ಈ ಭೇದವನ್ನು ಕಣ್ಣಿಗೆ ಕಾಣಿಸುತ್ತದೆ. ಇಂಗ್ಲಿಷ್ ಓದಿ ಟಕುಶಿ ಎನ್ನುವ ಬಾಯಿಗೆ ತಕುಶೀ ಎಂದು ಬರೆದು ತೋರಿಸಿದರೆ ದಂತ್ಯ ತಕಾರ ತಾನಾಗಿ ಬರುತ್ತದೆ. ಜಪಾನಿಯ ಕೊನೆಯ ಅಕ್ಷರವಾದ ಅನುನಾಸಿಕ, ಮುಂದಿನ ವ್ಯಂಜನಕ್ಕೆ ತಕ್ಕಂತೆ ಬದಲಾಗುತ್ತದೆ: ಪ, ಬ ಮುಂದೆ ಮ್ ಆಗುತ್ತದೆ, ತ, ದ ಮುಂದೆ ನ್. ನಮ್ಮ ಸೊನ್ನೆ ಮಾಡುವ ಕೆಲಸವೂ ಅದೇ. ಮುನ್ನೂರು ಎಂಬುದು ಸನ್, ಹ್ಯಕು ಸೇರಿ 'ಸಂಬ್ಯಕು' ಎಂದಾಗುತ್ತದೆ. 'ತೆ' ಎಂದರೆ ಕೈ, 'ಕಮಿ' ಎಂದರೆ ಕಾಗದ, ಸೇರಿದರೆ 'ತೆಗಮಿ', ಪತ್ರ. ಮಳೆ, ಕಾಲ ಸೇರಿ ಮಳೆಗಾಲ ಆದ ಆದೇಶ ಸಂಧಿಯನ್ನು ಎಂಟನೇ ತರಗತಿಯ ಮಗುವಿಗೆ ಕಲಿಸುವ ನಾವು ಇದನ್ನು ಹೇಳಲು ಹಿಂಜರಿಯಬೇಕಿಲ್ಲ.

ಈ ಹೋಲಿಕೆಗಳಿಂದ ಉಬ್ಬಿ 'ಕನ್ನಡ, ಜಪಾನಿ ಅಕ್ಕತಂಗಿಯರು' ಎಂದು ತರಗತಿಯಲ್ಲಿ ಘೋಷಿಸಬಾರದು. ಭಾಷಾಶಾಸ್ತ್ರಜ್ಞ ಓನೊ ಸುಸುಮು ಅವರು ತಮಿಳಿಗೂ ಜಪಾನಿಗೂ ನಂಟು ಇದೆ ಎಂದು ವಾದಿಸಿದ್ದರು, ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪಿಲ್ಲ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಪ್ರತ್ಯಯ ಪದದ ಹಿಂದೆ ಅಂಟುವುದು ಜಗತ್ತಿನ ಅನೇಕ ಕಡೆ ಕಾಣುವ ಲಕ್ಷಣ. ರಚನೆ ಹೋಲುವುದು ಬೇರೆ, ರಕ್ತಸಂಬಂಧ ಬೇರೆ. ಸೇತುವೆ ಕೆಲವು ಕಡೆ ಮುರಿಯುವುದೂ ಉಂಟು. ನಮ್ಮ ಕ್ರಿಯಾಪದ ಯಾರು ಎಂಬುದನ್ನು ಹೇಳುತ್ತದೆ: ಹೋಗುತ್ತೇನೆ, ಹೋಗುತ್ತಾಳೆ. ಜಪಾನಿಯ 'ಇಕಿಮಸು' ಯಾರಿಗೂ ಒಂದೇ. 'ದೆಸು', 'ಶಿಮಸು'ಗಳ ಕೊನೆಯ ಉಕಾರ ಉಸಿರಿನಷ್ಟೇ, ಕನ್ನಡದ ಉಕಾರದಂತೆ ತುಂಬಿ ಹೇಳಬಾರದು. 'ತ್ಸು' ನಮಗೆ ಹೊಸದು. ಇವನ್ನು ಬಿಡಿಸಿ ಹೇಳಬೇಕು. ಹಿರಗನ ಲಿಪಿ ಕಲಿತ ಮೇಲೆ ಕನ್ನಡ ಲಿಪಿಯ ಊರುಗೋಲನ್ನೂ ಬಿಡಬೇಕು. ಆದರೆ ಮೊದಲ ತಿಂಗಳಲ್ಲಿ ಊರುಗೋಲು ಯಾವುದಿರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಮೊಬೈಲಿನ ಆ್ಯಪ್ ಇರುವಾಗ ಇದೆಲ್ಲ ಯಾಕೆ ಎಂದು ಸಹಪಾಠಿಗಳು ಕೇಳಿದ್ದಾರೆ. ಹೋಗಬೇಕಾದ ಜಾಗವನ್ನು ಆ್ಯಪ್ ಹೇಳುತ್ತದೆ, ನಿಜ. ಆದರೆ ಜಪಾನಿನ ವಿಳಾಸವೇ ಬೇರೆ ಜಾತಿಯದು. ಹೆಚ್ಚಿನ ಬೀದಿಗಳಿಗೆ ಹೆಸರಿಲ್ಲ. ಬಡಾವಣೆ, ಅದರೊಳಗಿನ ವಿಭಾಗ, ಬ್ಲಾಕು, ಕಟ್ಟಡ ಎಂದು ಸಂಖ್ಯೆಗಳು ಇಳಿಯುತ್ತಾ ಹೋಗುತ್ತವೆ. ಹಾಗಾಗಿ ವಿಳಾಸ ಬರೆದ ಚೀಟಿಯನ್ನೋ ಹೋಟೆಲಿನ ಫೋನ್ ನಂಬರನ್ನೋ ತೋರಿಸಿದರೆ ಚಾಲಕರು ಅದನ್ನು ಗಾಡಿಯ ನಕ್ಷೆಯಂತ್ರಕ್ಕೆ ಹಾಕಿಕೊಳ್ಳುತ್ತಾರೆ. ಕೊನೆಯ ನೂರು ಮೀಟರಿಗೆ ಬಾಯಿಯೇ ಬೇಕು. ಕ್ಯೋಟೋದಲ್ಲಂತೂ ಎರಡು ಬೀದಿ ಕೂಡುವ ಜಾಗ ಹೇಳಿ, ಅಲ್ಲಿಂದ 'ಅಗರು' ಎಂದರೆ ಉತ್ತರಕ್ಕೆ, 'ಸಗರು' ಎಂದರೆ ದಕ್ಷಿಣಕ್ಕೆ ಎಂದು ಹೇಳುವ ಪದ್ಧತಿ. ಪದಗಳ ಮೂಲ ಅರ್ಥ ಹತ್ತು, ಇಳಿ ಎಂದು. ಎಡಬಲ ನಮ್ಮ ಮೈ ತಿರುಗಿದಂತೆ ತಿರುಗುತ್ತವೆ, ಉತ್ತರ ದಕ್ಷಿಣ ತಿರುಗುವುದಿಲ್ಲ. ಭೌತಶಾಸ್ತ್ರದಲ್ಲಿ ನಿರ್ದೇಶಕ ಚೌಕಟ್ಟು ಕಲಿಸುವವರಿಗೆ ಇದಕ್ಕಿಂತ ಜೀವಂತ ಉದಾಹರಣೆ ಸಿಗುವುದು ಕಷ್ಟ.

ಇನ್ನೂ ಒಂದು ಮಾತು. ಈ ಹಾಳೆಗಳು ಪ್ರವಾಸಿಗರಿಗಾಗಿ ಹುಟ್ಟಿದವು; ನಮ್ಮಲ್ಲಿ ಕಲಿಯುವವರಲ್ಲಿ ಹಲವರು ಆರೈಕೆಯ ಕೆಲಸಕ್ಕೆ ಹೋಗುವವರು. ಅವರು ಟ್ಯಾಕ್ಸಿ ಹತ್ತುವುದು ಒಬ್ಬ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಇರಬಹುದು. ಅವರಿಗೆ ಬೇಕಾದ ಪದ 'ಕುರುಮಇಸು', ವೀಲ್‌ಚೇರ್. ಕುರುಮ ಎಂದರೆ ಗಾಡಿ, ಇಸು ಎಂದರೆ ಕುರ್ಚಿ. "ಕುರುಮಇಸು ದೆ ನೊರೆಮಸು ಕ", ವೀಲ್‌ಚೇರಲ್ಲಿ ಹತ್ತಬಹುದಾ. ಟೊಯೋಟಾ 2017ರಲ್ಲಿ ತಂದ ಎತ್ತರದ ಟ್ಯಾಕ್ಸಿಯಲ್ಲಿ ಇಳಿಜಾರು ಹಲಗೆ ಹಾಕಿ ಕುರ್ಚಿ ಸಮೇತ ಹತ್ತಿಸಬಹುದು. ಆರೈಕೆಗೆಂದೇ 'ಕೈಗೊ ತಕುಶೀ' ಎಂಬ ಬಗೆಯೂ ಇದೆ. "ಯುಕ್ಕುರಿ ಒನೆಗೈ ಶಿಮಸು", ನಿಧಾನಕ್ಕೆ ಹೋಗಿ ಎಂಬುದೂ ಬೇಕು. ರಸೀದಿಗೆ 'ರ್ಯೋಶೂಶೊ' ಎನ್ನಲು ಗೊತ್ತಿರಬೇಕು, ಯಾಕೆಂದರೆ ಲೆಕ್ಕ ಒಪ್ಪಿಸುವುದಲ್ಲದೆ, ಗಾಡಿಯಲ್ಲಿ ಮಾತ್ರೆಯ ಚೀಲ ಬಿಟ್ಟು ಬಂದರೆ ಕಂಪನಿಯ ಫೋನ್ ನಂಬರ್ ಇರುವುದು ಅದರಲ್ಲೇ.

ಸಹಪಾಠಿ ಬೋಧನೆಯ ಅವಧಿಯಲ್ಲಿ ಜಪಾನಿ ಒಂದಕ್ಷರ ಬಾರದ ಗೆಳೆಯ ಗೆಳತಿಯರಿಗೆ ನಾನು ಇದನ್ನು 35 ನಿಮಿಷ ಕಲಿಸಿದೆ. ಬೆಂಚಿನ ಮೇಲೆ ಹಿಂದೆ ಮುಂದೆ ಎರಡು ಕುರ್ಚಿ ಇಟ್ಟು, ಚಾಲಕರ ಪಾತ್ರಕ್ಕೆ ಮೊದಲು ನಾನೇ ಕೂತೆ. ಮೊದಲ ಹತ್ತು ನಿಮಿಷ ಅವರು ಮಾತನಾಡುವ ಹಾಗಿರಲಿಲ್ಲ. ನಾನು ಕೇಳಿದ್ದರಲ್ಲಿ ಗಟ್ಟಿ ಪದ ಕೇಳಿಸಿದಾಗ ಬೆರಳೆತ್ತಬೇಕಿತ್ತು. ಆಮೇಲೆ ಪ್ರತ್ಯಯಗಳನ್ನು ಕನ್ನಡ ವಿಭಕ್ತಿಯ ಪಕ್ಕ ಬರೆದು, ಎಂಟು ಪದ ಕೊಟ್ಟು, ಸ್ಟೇಷನ್ನಿನಿಂದ ನಮ್ಮ ಕಾಲೇಜಿಗೆ ಬರುವ ದಾರಿ ಹೇಳಲು ಬಿಟ್ಟೆ. ವೀಕ್ಷಣೆಗೆ ಬಂದಿದ್ದ ಗುರುಗಳು ಮೌಲ್ಯಮಾಪನದ ಅಂಕಣ ಹೇಗೆ ತುಂಬುತ್ತೀಯ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ವಾಕ್ಯ ಬರೆಯಿರಿ, ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಗಳಲ್ಲಿ ಇದನ್ನು ಅಳೆಯಲು ಆಗುವುದಿಲ್ಲ. ನಾನು ಬರೆದದ್ದು ಇಷ್ಟು: ಶಿಕ್ಷಕರು ಚಾಲಕರಾಗಿ ಕ್ರಮ ತಪ್ಪಿಸಿ ನಾಲ್ಕು ಪ್ರಶ್ನೆ ಕೇಳುತ್ತಾರೆ, ಅದರಲ್ಲಿ ಒಂದು ಪಾಠದಲ್ಲಿ ಬಾರದ ಪ್ರಶ್ನೆ. ಕಲಿಕಾರ್ಥಿ ಮೂರಕ್ಕೆ ಉತ್ತರಿಸಬೇಕು. ನಾಲ್ಕನೆಯದಕ್ಕೆ ಸುಮ್ಮನೆ 'ಹೈ' ಎನ್ನದೆ "ಸುಮಿಮಸೆನ್, ಮೋ ಇಚಿದೊ ಒನೆಗೈ ಶಿಮಸು", ಕ್ಷಮಿಸಿ, ಇನ್ನೊಂದು ಸಲ ಹೇಳಿ ಎಂದು ಕೇಳಿದರೆ ಆ ನಾಲ್ಕನೆಯದಕ್ಕೆ ಎರಡು ಅಂಕ.